ಕ್ಲೋರೋಫಾರ್ಮ್ ಕೊಂದದ್ದು ಯಾರನ್ನ, ಬಿಟ್ಟದ್ದು ಯಾರನ್ನ?

ಗಿಂಡಿ ಕಡೆ ಓಡಾಡಿದವರು ಕಿಂಗ್ ಇನ್‌ಸ್ಟಿಟ್ಯೂಟಿನ ಬೋರ್ಡು ನೋಡೇ ಇರ್ತೀರಿ. 2020ರಲ್ಲಿ ಕೊರೊನಾ ಪರೀಕ್ಷೆಯಿಂದಾಗಿ ಚೆನ್ನೈಯ ಮನೆಮನೆಗೂ ಆ ಹೆಸರು ಗೊತ್ತಾಯಿತು. ಇಲ್ಲಿ 'ಕಿಂಗ್' ಅಂದರೆ ರಾಜನಲ್ಲ. ಮದ್ರಾಸ್ ಪ್ರಾಂತ್ಯದ ಸ್ಯಾನಿಟರಿ ಕಮಿಷನರ್ ಆಗಿದ್ದ ಡಾಕ್ಟರ್ ಡಬ್ಲ್ಯು. ಜಿ. ಕಿಂಗ್. ನೂರು ವರ್ಷದ ಹಿಂದೆ ಅಲ್ಲಿನ ದೊಡ್ಡ ಕೆಲಸಗಳಲ್ಲೊಂದು ಸಿಡುಬಿನ ಲಸಿಕೆ ತಯಾರಿಕೆ.

ಆಗ ಲಸಿಕೆ ಹುಟ್ಟುತ್ತಿದ್ದದ್ದು ಕರುವಿನ ಮೈಮೇಲೆ. ಚರ್ಮ ಗೀರಿ ವೈರಸ್ ಹಚ್ಚುವುದು, ಕೆಲವು ದಿನ ಬಿಟ್ಟು ಎದ್ದ ಗುಳ್ಳೆಗಳನ್ನು ಕೆರೆದು ತೆಗೆಯುವುದು. ಅದರ ಜೊತೆಗೆ ಕರುವಿನ ಚರ್ಮದ ಬ್ಯಾಕ್ಟೀರಿಯಾಗಳೂ ಬರುತ್ತಿದ್ದವು. 1891ರ ಹೊತ್ತಿಗೆ ಲಂಡನ್ನಿನ ಕೋಪ್‌ಮನ್ ಇದಕ್ಕೆ ಗ್ಲಿಸರಿನ್ ಬೆರೆಸುವ ದಾರಿ ತೋರಿಸಿದರು. ಗ್ಲಿಸರಿನ್ ಬ್ಯಾಕ್ಟೀರಿಯಾಗಳನ್ನು ನಿಧಾನವಾಗಿ ಕೊಲ್ಲುತ್ತದೆ, ಆದರೆ ವಾರಗಟ್ಟಲೆ ಕಾಯಬೇಕು. ಮದ್ರಾಸಿನ ಬಿಸಿಲಲ್ಲಿ ಅಷ್ಟು ದಿನ ಇಟ್ಟರೆ ಲಸಿಕೆಯ ಸತ್ವವೇ ಹೋಗುವ ಭಯ. ಕಿಂಗ್ ಸಾಹೇಬರು ಕುರಿ ಉಣ್ಣೆಯ ಜಿಡ್ಡಾದ ಲ್ಯಾನೋಲಿನ್ ಜೊತೆ ಕಲಸಿ ನೋಡಿದ್ದು ಇದಕ್ಕೇ.

ನನ್ನ ಅಜ್ಜಿಯ ಮುಖದ ತುಂಬ ಸಿಡುಬಿನ ಕಲೆ. ಅವರ ಇಬ್ಬರು ಮಕ್ಕಳು "ಅಮ್ಮ ಬಂದು" ತೀರಿಕೊಂಡರು. ಊರಲ್ಲಿ ಸಿಡುಬು ಎದ್ದಾಗ ಲಸಿಕೆಗೆ ಐದಾರು ವಾರ ಕಾಯುವುದು ಅಂದರೆ ಏನು ಅಂತ ಅಂಥ ಮನೆಯವರಿಗೆ ಗೊತ್ತು.

1903ರಲ್ಲಿ ಲಂಡನ್ನಿನ ಅಲನ್ ಗ್ರೀನ್ ಬೇರೆ ದಾರಿ ಹಿಡಿದರು. ಎಡಿನ್‌ಬರೋದ ಸಿಂಪ್ಸನ್ 1847ರಿಂದ ಹೆರಿಗೆ ನೋವಿಗೆ ಮೂಸಿಸುತ್ತಿದ್ದ ಅದೇ ಕ್ಲೋರೋಫಾರ್ಮಿನ ಆವಿಯನ್ನು ಗಾಳಿಯೊಡನೆ ಲಸಿಕೆಯ ದ್ರವದಲ್ಲಿ ಹಾಯಿಸಿದರು. ಕೆಲವೇ ಗಂಟೆಗಳಲ್ಲಿ ಹೆಚ್ಚಿನ ಬ್ಯಾಕ್ಟೀರಿಯಾ ಸತ್ತವು. ಬೀಜಕ ಕಟ್ಟಿಕೊಳ್ಳುವಂಥವು ಮಾತ್ರ ಉಳಿದವು. ಲಸಿಕೆಯ ಸತ್ವ ಹಾಗೇ ಇತ್ತು. ಆಮೇಲೆ ಬರೀ ಗಾಳಿ ಹಾಯಿಸಿದರೆ ಕ್ಲೋರೋಫಾರ್ಮೂ ಹಾರಿಹೋಗುತ್ತದೆ. ವಾರಗಳ ಕೆಲಸ ಗಂಟೆಗಳಲ್ಲಿ ಮುಗಿಯಿತು. ವೈರಸ್ ಅಂದರೆ ಏನು ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲದ ಕಾಲ ಅದು!

ಹಾಗಾದರೆ ಅರಿವಳಿಕೆ ಅನಿಲ ವೈರಸ್ಸಿಗೆ ಏನೂ ಮಾಡುವುದಿಲ್ಲವೇ? ಅದೂ ಅಲ್ಲ. 1949ರಲ್ಲಿ ಆಂಡ್ರೂಸ್ ಮತ್ತು ಹಾರ್ಸ್ಟ್‌ಮನ್ ಹಲವು ವೈರಸ್‌ಗಳನ್ನು ಈಥರ್‌ನಲ್ಲಿ ಇಟ್ಟು ನೋಡಿದರು. ಫ್ಲೂ ವೈರಸ್ ನಾಶವಾಯಿತು, ಪೋಲಿಯೋ ಜಗ್ಗಲಿಲ್ಲ. ಫ್ಲೂ ವೈರಸ್ಸಿನ ಮೇಲೆ ಕೊಬ್ಬಿನ ಹೊದಿಕೆ ಇದೆ, ಈಥರ್ ಅದನ್ನು ಕರಗಿಸುತ್ತದೆ. ಪೋಲಿಯೋಗೆ ಆ ಹೊದಿಕೆಯೇ ಇಲ್ಲ. ಲಸಿಕೆಯ ವೈರಸ್ಸೂ ಕ್ಲೋರೋಫಾರ್ಮಿಗೆ ಅಜೇಯವೇನಲ್ಲ. ದ್ರವವನ್ನೇ ಸುರಿದು ಕುಲುಕಿದರೆ ಸಾಯುತ್ತದೆ. ಗ್ರೀನ್ ಗೆದ್ದದ್ದು ಪ್ರಮಾಣ ಮತ್ತು ವೇಳೆಯ ಲೆಕ್ಕದಲ್ಲಿ. ನಮ್ಮ ಬ್ಯಾಂಕಿನವರಿಗೆ ಇದು ಬೇಗ ಅರ್ಥವಾಗುತ್ತೆ ಬಿಡಿ!

ಮುಂದೆ 1980ರಲ್ಲಿ, ಸಿಡುಬು ಭೂಮಿಯಿಂದಲೇ ಹೋಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದ ವರ್ಷವೇ, ಅಮೆರಿಕದ ನೈಟ್ ಮತ್ತು ಸಂಗಡಿಗರು ದಡಾರದ ವೈರಸ್ ಸೇರಿದ ಜೀವಕೋಶಗಳಿಗೆ ಹ್ಯಾಲೋಥೇನ್ ಕೊಟ್ಟರು. ಆಪರೇಷನ್ ಕೋಣೆಯಲ್ಲಿ ಬಳಸುತ್ತಿದ್ದ ಅನಿಲ ಅದು. ವೈರಸ್ಸಿನ ಸಂತಾನ ಕಡಿಮೆಯಾಯಿತು. ಅನಿಲ ತೆಗೆದರೆ ಮತ್ತೆ ಬೆಳೆಯತೊಡಗಿತು. ಅಂದರೆ ಇಲ್ಲಿ ವೈರಸ್ ಸಾಯಲಿಲ್ಲ, ಅದರ ಕೆಲಸ ನಿಂತಿತ್ತು ಅಷ್ಟೆ.

ಇದನ್ನೆಲ್ಲ ಯಾಕೆ ಬರೆದೆ ಅಂದರೆ, ಕೊರೊನಾ ಕಾಲದಲ್ಲಿ ನಮ್ಮ ಶಾಖೆಯ ಒಬ್ಬರು ಕೇಳಿದರು: "ಸಾರ್, ಕೊರೊನಾಗೂ ಕೊಬ್ಬಿನ ಹೊದಿಕೆ ಅಂತಾರೆ, ಈಥರ್ ಮೂಸಿದರೆ ಹೋಗುತ್ತಾ?" ಹೊದಿಕೆ ಇರುವುದು ನಿಜ, ಸಾಬೂನಿಗೆ ಅದು ಸಾಯುವುದೂ ಅದಕ್ಕೇ. ಆದರೆ ಗಾಜಿನ ನಳಿಕೆಯಲ್ಲಿ ವೈರಸ್ ಕರಗಿಸುವಷ್ಟು ಈಥರ್ ಶ್ವಾಸಕೋಶಕ್ಕೆ ಹೋದರೆ ಮೊದಲು ಹೋಗುವವನು ಮನುಷ್ಯ. ನಮ್ಮ ಜೀವಕೋಶಗಳ ಪೊರೆಯೂ ಕೊಬ್ಬಿನದೇ ತಾನೆ! ಅವರಿಗೂ ಇದನ್ನೇ ಹೇಳಿದೆ.

ಇನ್ನೊಂದು ಮಾತು. ನೆಗಡಿ, ಕೆಮ್ಮು ಇರುವ ಮಗುವಿನ ಆಪರೇಷನ್ನನ್ನು ಅರಿವಳಿಕೆ ಡಾಕ್ಟರು ಮುಂದಕ್ಕೆ ಹಾಕಿದರೆ ಸಿಟ್ಟು ಮಾಡಿಕೊಳ್ಳಬೇಡಿ. ವೈರಸ್ಸಿನಿಂದ ಕೆರಳಿದ ಶ್ವಾಸನಾಳ ಅರಿವಳಿಕೆ ಹೊತ್ತಲ್ಲಿ ಥಟ್ಟನೆ ಬಿಗಿದುಕೊಳ್ಳಬಹುದು. ಮೇಲಾಗಿ ಆಪರೇಷನ್ ಮತ್ತು ಅರಿವಳಿಕೆ ಎರಡೂ ಸೇರಿ ರೋಗದೊಡನೆ ಹೋರಾಡುವ ಬಿಳಿ ರಕ್ತಕಣಗಳನ್ನು ಸ್ವಲ್ಪ ಕಾಲ ಮಂದ ಮಾಡುತ್ತವೆ. ಅನಿಲ ವೈರಸ್ಸನ್ನು ನೋಡಿಕೊಳ್ಳುತ್ತೆ ಅಂತ ಯಾರೂ ಕೂರುವುದಿಲ್ಲ. ನೆಗಡಿ ಇದ್ದರೆ ಮುಚ್ಚಿಡದೆ ಮೊದಲೇ ಡಾಕ್ಟರಿಗೆ ಹೇಳಿಬಿಡಿ.