ಟೊಮೆಟೊ ಎಲೆಮುಟುರು ರೋಗದ ದೇಶಾಂತರ ಸಂಚಾರ

ನವದೆಹಲಿಯ ಹೆಸರನ್ನು ಹೊತ್ತ ಸಸ್ಯರೋಗವೊಂದು ಇಂದು ಸ್ಪೇನ್ ದೇಶದ ತರಕಾರಿ ತೋಟಗಳಲ್ಲಿ ನೆಲೆಸಿದೆ. ಅದರ ಪೂರ್ವವೃತ್ತಾಂತವನ್ನು ಅರಿಯಲು ಮೊದಲು ಒಂದು ಕೀಟದ ಪರಿಚಯ ಅಗತ್ಯ. 1889ರಲ್ಲಿ ಗೆನಾಡಿಯಸ್ ಎಂಬ ವಿದ್ವಾಂಸನು ಗ್ರೀಸಿನ ಹೊಗೆಸೊಪ್ಪಿನ ಗಿಡಗಳ ಮೇಲೆ ಕಂಡ ಬಿಳಿ ನೊಣವನ್ನು ವರ್ಣಿಸಿದನು. ಹೆಸರಿಗೆ ನೊಣ, ವಾಸ್ತವವಾಗಿ ಅದು ಸಸ್ಯಹೇನಿನ ಬಳಗದ್ದು, ಉದ್ದ ಸುಮಾರು ಒಂದು ಮಿಲಿಮೀಟರು. ಎಲೆಯ ಅಡಿಭಾಗದಲ್ಲಿ ಕುಳಿತು ರಸ ಹೀರುವುದು ಅದರ ಜೀವನಕ್ರಮ.

ದೆಹಲಿಯ ಕೃಷಿ ಸಂಶೋಧನ ಸಂಸ್ಥೆಯ ವಾಸುದೇವ ಮತ್ತು ಸ್ಯಾಮ್ ರಾಜ್ ಅವರು 1948ರಲ್ಲಿ ಟೊಮೆಟೊ ಎಲೆಮುಟುರು ರೋಗವನ್ನು ವರ್ಣಿಸಿದರು. ಎಲೆಗಳು ಮುದುಡಿ, ಗಿಡ ಕುಬ್ಜವಾಗಿ, ಕಾಯಿಗಟ್ಟುವ ಶಕ್ತಿಯನ್ನೇ ಕಳೆದುಕೊಳ್ಳುವ ರೋಗವಿದು. ರೋಗದ ಗಿಡದಿಂದ ಹೀರಿದ ವೈರಸ್ಸು ನೊಣದ ಕರುಳನ್ನು ದಾಟಿ ಜೊಲ್ಲುಗ್ರಂಥಿಯನ್ನು ಸೇರುತ್ತದೆ. ಅನಂತರ ಆ ನೊಣ ಹಲವು ದಿನ ನಂಜನ್ನು ಹರಡಬಲ್ಲುದು. ಔಷಧ ಸಿಂಪಡಿಸಿ ನೊಣ ಸಾಯುವಷ್ಟರಲ್ಲಿ ಆರೋಗ್ಯವಂತ ಗಿಡಕ್ಕೆ ನಂಜು ತಗಲಿರುವುದುಂಟು. ದೆಹಲಿಯ ವೈರಸ್ಸಿನ ವಂಶದ್ರವ್ಯ ಎರಡು ತುಂಡುಗಳದೆಂಬುದು 1995ರಲ್ಲಿ ಪ್ರಕಟವಾಯಿತು. ನಗರದ ಹೆಸರೂ ಅದಕ್ಕೆ ಅಂಟಿಕೊಂಡಿತು.

ಇದೇ ವೈರಸ್ಸು 2012ರಲ್ಲಿ ಸ್ಪೇನಿನ ಮುರ್ಸಿಯಾ ಪ್ರಾಂತದಲ್ಲಿ ಕಾಣಿಸಿಕೊಂಡಿತು, ಮರುವರ್ಷ ಅಲ್ಮೇರಿಯಾದಲ್ಲಿ. ಸೋಜಿಗವೆಂದರೆ, ಅಲ್ಲಿ ಅದು ಪೀಡಿಸಿದ್ದು ಮುಖ್ಯವಾಗಿ ಕುಂಬಳದ ಜಾತಿಯ ಬೆಳೆಗಳನ್ನು. ಅಲ್ಲಿಯ ತಳಿಗೆ ಟೊಮೆಟೊ ಅಷ್ಟಾಗಿ ಒಗ್ಗಲಿಲ್ಲ. ಹೀಗೆ ಹೆಸರಿನಲ್ಲಿ ಊರೂ ಬೆಳೆಯೂ ಎರಡೂ ಹಳೆಯವೇ ಉಳಿದವು.

ಬಿಳಿ ನೊಣ ಸ್ವಂತ ರೆಕ್ಕೆಯಿಂದ ಹಾರಬಲ್ಲುದು ಕೆಲವೇ ಕಿಲೋಮೀಟರು. ಸಮುದ್ರ ದಾಟುವುದಕ್ಕೆ ಅದಕ್ಕೂ ಅದರ ನಂಜಿಗೂ ಮನುಷ್ಯನ ವ್ಯಾಪಾರವೇ ನೌಕೆ. ಸಸಿಯ ಎಲೆಯಡಿ ಅಂಟಿದ ಮರಿಗಳು ಯಾವ ಸರಕುಪಟ್ಟಿಯಲ್ಲೂ ನಮೂದಾಗುವುದಿಲ್ಲ. 1986ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಪಾಯಿನ್ಸೆಟಿಯಾ ಎಂಬ ಅಲಂಕಾರ ಗಿಡಗಳ ಮೇಲೆ ಈ ಕೀಟದ ಉಗ್ರ ಕುಲವೊಂದು ಹಾವಳಿಯೆಬ್ಬಿಸಿತು. ಅದರ ಮೂಲ ಪಶ್ಚಿಮ ಏಷ್ಯಾ. 1990ರ ದಶಕದ ಆದಿಯಲ್ಲಿ ಟೊಮೆಟೊವಿನ ಹಳದಿ ಎಲೆಮುಟುರು ವೈರಸ್ಸು, ಇದು ದೆಹಲಿಯದರ ದಾಯಾದಿ, ಆಮದಾದ ಸಸಿಗಳೊಡನೆ ಡೊಮಿನಿಕನ್ ಗಣರಾಜ್ಯಕ್ಕೆ ಬಂದು ಅಲ್ಲಿಯ ಟೊಮೆಟೊ ಕೃಷಿಯನ್ನು ತಲ್ಲಣಗೊಳಿಸಿತು. 1997ರಲ್ಲಿ ಅದು ಫ್ಲಾರಿಡಾವನ್ನು ಮುಟ್ಟಿತು. ಡೊಮಿನಿಕನ್ ಸರ್ಕಾರವು ವರ್ಷದಲ್ಲಿ ಮೂರು ತಿಂಗಳು ನೊಣಕ್ಕೆ ಆಶ್ರಯ ಕೊಡುವ ಬೆಳೆಗಳನ್ನೇ ಬೆಳೆಯಕೂಡದೆಂದು ಕಟ್ಟಳೆ ಮಾಡಿತು. ರೈತನಿಗೆ ಕಠಿಣವಾದ ಕಟ್ಟಳೆ. ಆದರೆ ಫಲ ಕೊಟ್ಟಿತು.

ಇಷ್ಟನ್ನು ಕಂಡು ಭಾರತವು ರೋಗವನ್ನು ಹೊರಗೆ ಕಳುಹಿದ ದೇಶ ಮಾತ್ರವೆಂದು ತಿಳಿದರೆ ಲೆಕ್ಕ ತಪ್ಪುತ್ತದೆ. ಆಮದಿನ ಬದಿಯಲ್ಲಿ ಕೋಲಾರವಿದೆ. ಅಲ್ಲಿಯ ಟೊಮೆಟೊ ಬೆಳೆಗಾರರಿಗೆ ಎಲೆಮುಟುರು ಹೊಸದಲ್ಲ. 1999ರಲ್ಲಿ ಬಂದುದು ಹೊಸ ವಾಹಕ, ಆ ಪಶ್ಚಿಮ ಏಷ್ಯಾದ ಕುಲ. ಸ್ಥಳೀಯ ನೊಣಕ್ಕಿಂತ ಟೊಮೆಟೊವಿನ ಮೇಲೆ ಬಹು ಬೇಗ ವೃದ್ಧಿಯಾಗುವ ಗುಣ ಅದರದು. ನೊಣಗಳು ದಟ್ಟೈಸಿದಂತೆ ರೋಗವೂ ಹೊಲದಿಂದ ಹೊಲಕ್ಕೆ ಧಾವಿಸಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಮುನಿಯಪ್ಪ ಮೊದಲಾದವರು ಈ ರೋಗವನ್ನು ದೀರ್ಘಕಾಲ ಅಭ್ಯಸಿಸಿದ್ದರು. ಅಲ್ಲಿಂದ ಸಂಕ್ರಾಂತಿ, ನಂದಿ, ವೈಭವ್ ಎಂಬ ರೋಗನಿರೋಧಕ ಟೊಮೆಟೊ ತಳಿಗಳು ಹೊರಬಂದು ರೈತರ ಕೈ ಸೇರಿದವು.