ನೆಲ್ಲೂರಿನ ಕಲೆಕ್ಟರ್ ಮಾಡಿದ ಸಂದರ್ಶನ

ಕೆಲಸ ಕೇಳಲು ಬಂದವರ ವಿದ್ಯೆ ಸಂದರ್ಶಕನಿಗೇ ಅರ್ಥವಾಗದಿದ್ದರೆ ಏನು ಗತಿ? 1910ರ ಸುಮಾರಿಗೆ ಮದರಾಸು ಪ್ರಾಂತ್ಯದ ಕೆಲವು ಅಧಿಕಾರಿಗಳಿಗೆ ಈ ಫಜೀತಿ ಎದುರಾಯಿತು. ಅವರ ಮುಂದೆ ಬಂದು ನಿಂತವರು ಶ್ರೀನಿವಾಸ ರಾಮಾನುಜನ್.

ಕಾಗದದ ಮೇಲೆ ಅವರದು ಮೆಟ್ರಿಕ್ಯುಲೇಷನ್ ಮಾತ್ರ. ಗಣಿತ ಬಿಟ್ಟು ಬೇರೇನನ್ನೂ ಓದದೆ ಕುಂಭಕೋಣದ ಕಾಲೇಜಿನಲ್ಲಿ ವಿದ್ಯಾರ್ಥಿವೇತನ ಕಳೆದುಕೊಂಡಿದ್ದರು. ಮದರಾಸಿನ ಪಚ್ಚಯ್ಯಪ್ಪ ಕಾಲೇಜು ಸೇರಿದ ಮೇಲೂ ಎಫ್.ಎ. ದಾಟಲಿಲ್ಲ. 1909ರಲ್ಲಿ ಮದುವೆ ಬೇರೆ ಆಗಿತ್ತು. ಇವತ್ತಿನ ಕಂಪನಿಗಳ ತಂತ್ರಾಂಶಕ್ಕೆ ಈ ಅರ್ಜಿ ಹೋಗಿದ್ದರೆ ಮನುಷ್ಯರ ಕಣ್ಣಿಗೆ ಬೀಳುತ್ತಿತ್ತೋ ಇಲ್ಲವೋ.

ತಿರುಕೋಯಿಲೂರಿನ ಡೆಪ್ಯುಟಿ ಕಲೆಕ್ಟರ್ ವಿ. ರಾಮಸ್ವಾಮಿ ಅಯ್ಯರ್ ಬಳಿ ಅವರು ಕೇಳಿದ್ದು ಒಂದು ಗುಮಾಸ್ತೆ ಕೆಲಸ. ಅಯ್ಯರ್ ಭಾರತೀಯ ಗಣಿತ ಸಂಘವನ್ನು ಕಟ್ಟಿದವರು. ನೋಟ್‌ಬುಕ್ ನೋಡಿದರು, ಕೆಲಸ ಕೊಡಲಿಲ್ಲ. ಇಂಥ ಪ್ರತಿಭೆಯನ್ನು ಕಂದಾಯ ಇಲಾಖೆಯ ಕೆಳಮೆಟ್ಟಿಲಲ್ಲಿ ಕೂರಿಸಿ ಉಸಿರುಗಟ್ಟಿಸಲು ಮನಸ್ಸಾಗಲಿಲ್ಲ ಎಂದು ಮುಂದೆ ನೆನೆದಿದ್ದಾರೆ. ಊಟಕ್ಕೇ ಪರದಾಡುವವರಿಗೆ ಈ ಔದಾರ್ಯ ಹೇಗೆ ಕಂಡಿರಬಹುದು? ‘ನಿಮ್ಮ ಯೋಗ್ಯತೆಗೆ ಈ ಹುದ್ದೆ ಚಿಕ್ಕದು’ ಎಂದು ಕೇಳಿಸಿಕೊಂಡು ಬರಿಗೈಲಿ ಮನೆಗೆ ಹೋದವರಿಗೆ ಅದರ ರುಚಿ ಗೊತ್ತು. ಆದರೆ ಅಯ್ಯರ್ ಅಷ್ಟಕ್ಕೇ ಬಿಡದೆ ಮದರಾಸಿನ ಗಣಿತಜ್ಞರಿಗೆ ಪತ್ರ ಕೊಟ್ಟು ಕಳಿಸಿದರು.

ಹಾಗೆ ಕೈಯಿಂದ ಕೈಗೆ ದಾಟಿ ರಾಮಾನುಜನ್ ತಲುಪಿದ್ದು ನೆಲ್ಲೂರಿನ ಕಲೆಕ್ಟರ್ ರಾಮಚಂದ್ರ ರಾವ್ ಅವರ ಮುಂದೆ. ಗಡ್ಡ ಹೆರೆಯದ, ಅಷ್ಟೇನೂ ಶುಭ್ರವಲ್ಲದ, ಕುಳ್ಳಗೆ ದಪ್ಪಗಿದ್ದ ತರುಣ; ಕಂಕುಳಲ್ಲಿ ಹಳೆಯ ನೋಟ್‌ಬುಕ್; ಹೊಳೆಯುವ ಕಣ್ಣು. ರಾವ್ ಉಳಿಸಿರುವ ಚಿತ್ರ ಇದು. ಗಣಿತ ಬಲ್ಲ ರಾವ್ ಅವರಿಗೂ ಆ ಪುಟಗಳಲ್ಲಿ ಇರುವುದು ವಿದ್ಯೆಯೋ ಹುಚ್ಚೋ ತಿಳಿಯಲಿಲ್ಲ. ಅವರು ಆಗಲೇ ತೀರ್ಪು ಕೊಡದೆ ಮತ್ತೆ ಬನ್ನಿ ಎಂದರು. ನನಗೆ ಇಡೀ ಕಥೆಯಲ್ಲಿ ದೊಡ್ಡದಾಗಿ ಕಾಣುವುದು ಈ ‘ಮತ್ತೆ ಬನ್ನಿ’.

ಮತ್ತೆ ಬಂದ ರಾಮಾನುಜನ್ ಸಂದರ್ಶಕರ ಮಟ್ಟವನ್ನು ಅಳೆದುಕೊಂಡಿದ್ದರು. ಮೊದಲು ಸರಳ ಫಲಿತಾಂಶಗಳು, ಆಮೇಲೆ ಒಂದೊಂದೇ ಹೆಜ್ಜೆ ಮೇಲಕ್ಕೆ, ಕೊನೆಗೆ ಜಗತ್ತು ಇನ್ನೂ ಕಾಣದ ಸಂಗತಿಗಳು. ಪರೀಕ್ಷೆ ಮಾಡುತ್ತಿದ್ದವರು ಯಾರು, ಮಾಡಿಸಿಕೊಳ್ಳುತ್ತಿದ್ದವರು ಯಾರು ಎಂಬುದೇ ಅದಲುಬದಲಾಗಿತ್ತು. ಏನು ಬೇಕೆಂದು ರಾವ್ ಕೇಳಿದರು. ಸಂಶೋಧನೆ ನಡೆಸಿಕೊಂಡು ಹೋಗಲು ಹೊಟ್ಟೆಪಾಡಿಗೆ ಒಂದಿಷ್ಟು, ಅಷ್ಟೇ. ತಿಂಗಳಿಗೆ 25 ರೂಪಾಯಿ ಗೊತ್ತಾಯಿತು.

ಆದರೆ ಹೀಗೆ ಒಬ್ಬರ ಹಂಗಿನಲ್ಲಿ ಬಹುಕಾಲ ಇರಲು ಅವರಿಗೆ ಮನಸ್ಸಿರಲಿಲ್ಲ. 1912ರ ಫೆಬ್ರುವರಿ 9ರಂದು ಮದರಾಸು ಪೋರ್ಟ್ ಟ್ರಸ್ಟಿಗೆ ಅರ್ಜಿ ಬರೆದರು. ಎಫ್.ಎ.ವರೆಗೆ ಓದಿದ್ದಾಗಿ, ಪ್ರತಿಕೂಲ ಪರಿಸ್ಥಿತಿಯಿಂದ ಮುಂದುವರಿಸಲಾಗಲಿಲ್ಲವೆಂದು ಅದರಲ್ಲಿ ಹೇಳಿಕೊಂಡರು. ನಪಾಸಾದೆ ಎಂದು ಯಾವ ಅಭ್ಯರ್ಥಿ ತಾನೇ ಬರೆಯುತ್ತಾನೆ! ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕ ಮಿಡಲ್‌ಮಾಸ್ಟ್ ಅವರ ಶಿಫಾರಸು ಜೊತೆಗಿತ್ತು. ಮಾರ್ಚ್ 1ರಿಂದ ಲೆಕ್ಕಪತ್ರ ವಿಭಾಗದಲ್ಲಿ ಗುಮಾಸ್ತೆ, ಸಂಬಳ 30 ರೂಪಾಯಿ. ಅಲ್ಲಿದ್ದ ಮೇಲಧಿಕಾರಿ ನಾರಾಯಣ ಅಯ್ಯರ್ ಸ್ವತಃ ಗಣಿತ ಓದಿದವರು, ಅದೊಂದು ಪುಣ್ಯ.

ಮರುವರ್ಷ ಜನವರಿಯಲ್ಲಿ ಕೇಂಬ್ರಿಜ್‌ನ ಹಾರ್ಡಿಗೆ ಬರೆದ ಪತ್ರವೂ ಒಂದು ಬಗೆಯ ಅರ್ಜಿಯೇ. ಅದರಲ್ಲಿ ರಾಮಾನುಜನ್ ಮೊದಲು ಹೇಳಿಕೊಂಡದ್ದು ತಾನು ಪೋರ್ಟ್ ಟ್ರಸ್ಟಿನ ಗುಮಾಸ್ತೆ ಎಂದು. ವಯಸ್ಸು ಸುಮಾರು 23 ಎಂದೂ ಸೇರಿಸಿದರು. ಆಗ ಅವರಿಗೆ 25 ತುಂಬಿತ್ತು.