ನೀರು ಬಿಟ್ಟಿದ್ದಾರೆಯೇ?

ಒಂದು ದಿನದ ಮಟ್ಟಿಗೆ ಶಿವನಸಮುದ್ರಕ್ಕೆ ಹೋಗಿಬರೋಣವೆಂದು ಮನೆಯಲ್ಲಿ ನಿಶ್ಚಯವಾಯಿತು. ಬಾಡಿಗೆಯ ಕಾರಿಗೆ ಹೇಳಿದ್ದಾಯಿತು. ಬುತ್ತಿಗೆ ಚಿತ್ರಾನ್ನವೋ ಪುಳಿಯೋಗರೆಯೋ ಎಂಬ ವಾದ ನಡೆದು ಪುಳಿಯೋಗರೆ ಗೆದ್ದಿತು. ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಬಾಗಿಲಿಗೆ ಬಂದ ಚಾಲಕ ಮೊದಲು ಕೇಳಿದ ಮಾತು: “ಸಾರ್, ನೀರು ಬಿಟ್ಟವ್ರಾ, ವಿಚಾರಿಸಿದ್ರಾ?”

ನಾನು ವಿಚಾರಿಸಿರಲಿಲ್ಲ. ಜಲಪಾತದಲ್ಲಿ ನೀರಿರುವುದು ಮರದಲ್ಲಿ ಎಲೆಯಿರುವಷ್ಟೇ ಸಹಜವೆಂದು ತಿಳಿದಿದ್ದೆ. ಆತನೇ ಮಳವಳ್ಳಿಯ ಗೆಳೆಯನೊಬ್ಬನಿಗೆ ಫೋನು ಮಾಡಿ, “ಬಿಟ್ಟವ್ರಂತೆ, ಹತ್ತಿ ಸಾರ್” ಎಂದ. ಹತ್ತಿದೆವು. ಆದರೆ ವ್ಯಾಕರಣ ಹೇಳಿ ಹೊಟ್ಟೆ ಹೊರೆಯುವ ನನಗೆ ಕನಕಪುರ ದಾಟುವವರೆಗೂ ಒಂದೇ ಯೋಚನೆ. ‘ಬಿಟ್ಟಿದ್ದಾರೆ’ ಎಂಬ ಕ್ರಿಯಾಪದಕ್ಕೆ ಕರ್ತೃ ಯಾರು?

ಒಂದು ಕಾಲಕ್ಕೆ ಕರ್ತೃ ಯಾರೂ ಇರಲಿಲ್ಲ. ಕೊಡಗಿನಲ್ಲಿ ಮಳೆ ಹಿಡಿದರೆ ಇಲ್ಲಿ ನೀರು. ತಿರುಮಕೂಡಲಿನಲ್ಲಿ ಕಪಿಲೆಯನ್ನು ಕೂಡಿಕೊಂಡು, ತಲಕಾಡಿನ ಮರಳನ್ನು ಬಳಸಿ ಬಂದ ಕಾವೇರಿ ಶಿವನಸಮುದ್ರದಲ್ಲಿ ಎರಡಾಗಿ ಒಡೆದು ನಡುವೆ ಒಂದು ದ್ವೀಪವನ್ನು ಬಿಡುತ್ತಾಳೆ. ಪಶ್ಚಿಮದ ಕವಲು ಧುಮುಕುವ ಕಡೆ ಗಗನಚುಕ್ಕಿ, ಪೂರ್ವದ ಕವಲು ಧುಮುಕುವ ಕಡೆ ಭರಚುಕ್ಕಿ. ಮೊದಲನೆಯದು ಎತ್ತರದಲ್ಲಿ ಮಿಗಿಲು, ಎರಡನೆಯದು ಅಗಲದಲ್ಲಿ. ಆಕಾಶಕ್ಕೆ ಹನಿ ಚಿಮ್ಮಿಸುವ ಒಂದಕ್ಕೆ ಗಗನವೆಂದೂ ಭಾರದಿಂದ ಬೀಳುವ ಇನ್ನೊಂದಕ್ಕೆ ಭರವೆಂದೂ ಹೆಸರಿಟ್ಟವನು ಯಾವನೋ, ಒಳ್ಳೆಯ ಕನ್ನಡ ಬಲ್ಲವನು.

ದ್ವೀಪದಲ್ಲಿ ಜಗನ್ಮೋಹನ ರಂಗನಾಥನ ಗುಡಿಯಿದೆ. ಶ್ರೀರಂಗಪಟ್ಟಣದವನು ಆದಿರಂಗ, ಶ್ರೀರಂಗದವನು ಅಂತ್ಯರಂಗ, ಇವನು ಮಧ್ಯರಂಗ. ಒಂದೇ ದಿನ ಮೂವರನ್ನೂ ನೋಡಿದರೆ ಪುಣ್ಯವೆಂದು ಹೇಳುವವರಿದ್ದಾರೆ. ಮೋಟಾರು ಬರುವ ಮೊದಲು ಆ ಪುಣ್ಯವನ್ನು ಸಂಪಾದಿಸಿದವರು ಬಹಳ ಮಂದಿ ಇದ್ದಿರಲಾರರು.

ಈ ದ್ವೀಪ ಒಂದು ಕೋಟೆಯೂ ಆಗಿತ್ತೆಂಬುದು ಪುಳಿಯೋಗರೆಯ ಗಂಟು ಬಿಚ್ಚುವ ನಮಗೆ ಹೊಳೆಯುವುದಿಲ್ಲ. ಉಮ್ಮತ್ತೂರಿನ ಪಾಳೆಯಗಾರರು ‘ಪೆನುಗೊಂಡ ಚಕ್ರೇಶ್ವರ’ ಎಂದು ಬಿರುದು ಧರಿಸಿದವರು. ವಿಜಯನಗರದ ಕಣ್ಣು ಕೆಂಪಾಗಲು ಅಷ್ಟೇ ಸಾಕಾಗಿತ್ತು. ಕೃಷ್ಣದೇವರಾಯ ಪಟ್ಟಕ್ಕೆ ಬಂದ ಹೊಸದರಲ್ಲಿ, ೧೫೧೦ರಿಂದ ೧೫೧೨ರ ಸುಮಾರಿಗೆ, ಉಮ್ಮತ್ತೂರಿನ ಗಂಗರಾಜನ ಮೇಲೆ ನಡೆದುಬಂದು ಶಿವನಸಮುದ್ರವನ್ನು ಮುತ್ತಿದ. ನದಿಯೇ ಕಂದಕವಾಗಿದ್ದ ಕೋಟೆ ಕೊನೆಗೆ ಬಿತ್ತು. ಗಂಗರಾಜ ಕಾವೇರಿಯಲ್ಲಿ ಮುಳುಗಿ ಸತ್ತನೆಂದು ಹೇಳುತ್ತಾರೆ.

ಸ್ಥಳದ ಐತಿಹ್ಯ ಬೇರೆಯೇ ಇದೆ. ಅದರಲ್ಲಿ ಇಲ್ಲಿ ಆಳಿದವರು ಮೂವರು. ನಡುವಿನವನಾದ ನಂದಿರಾಜ ಯಾವುದೋ ಆಚಾರಲೋಪದ ಪ್ರಾಯಶ್ಚಿತ್ತಕ್ಕೆ ಹೆಂಡತಿಯೊಡನೆ ಕುದುರೆಯೇರಿ ಜಲಪಾತಕ್ಕೆ ಹಾರಿದ. ಕೊನೆಯ ರಾಜನಿಗೆ ಇಬ್ಬರು ಹೆಣ್ಣುಮಕ್ಕಳು. ಒಬ್ಬಳನ್ನು ಸತ್ಯಗಾಲದ ಹತ್ತಿರದ ಕಿಲಿಮಲೆಗೂ ಇನ್ನೊಬ್ಬಳನ್ನು ಮದ್ದೂರಿನ ಕಡೆಯ ನಗರಕೆರೆಗೂ ಕೊಟ್ಟಿದ್ದ. ತವರಿನ ವೈಭವವನ್ನು ಹೆಣ್ಣುಮಕ್ಕಳು ಗಂಡನ ಮನೆಯಲ್ಲಿ ಆಡಿಕೊಂಡದ್ದೇ ಹಗೆಗೆ ಮೂಲವಾಯಿತು. ಅಳಿಯಂದಿರು ದಂಡೆತ್ತಿ ಬಂದರು. ಮಾವನ ವಂಶ ನಾಶವಾಯಿತು. ಅದನ್ನು ಕಂಡು ತಾಳಲಾರದೆ ಅಳಿಯಂದಿರೂ ಗಗನಚುಕ್ಕಿಗೆ ಬಿದ್ದರಂತೆ. ಈ ಕಥೆಗೂ ವಿಜಯನಗರದ ದಂಡಯಾತ್ರೆಗೂ ಹೊಂದಿಕೆಯಿಲ್ಲ. ಆದರೆ ರಾಜ ನೀರಿನಲ್ಲಿ ಸತ್ತನೆಂಬ ಒಂದು ಮಾತನ್ನು ಎರಡೂ ಹೇಳುತ್ತವೆ. ದಂಡಯಾತ್ರೆಯನ್ನು ಮರೆತ ಜನ ನೀರನ್ನು ಮಾತ್ರ ನೆನಪಿಟ್ಟುಕೊಂಡು ಅದರ ಸುತ್ತ ತಮಗೆ ಗೊತ್ತಿದ್ದ ಮಾವ-ಅಳಿಯಂದಿರ ಜಗಳವನ್ನು ಹೆಣೆದರೆಂದು ನನ್ನ ಊಹೆ.

ಆಮೇಲೆ ದ್ವೀಪ ಹಾಳು ಬಿತ್ತು. ೧೭೯೧ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಕನಕಪುರ, ಮಳವಳ್ಳಿಯ ದಾರಿಯಾಗಿ, ಎಂದರೆ ನಮ್ಮ ಕಾರು ಹಿಡಿದಿದ್ದ ದಾರಿಯಲ್ಲೇ, ಶ್ರೀರಂಗಪಟ್ಟಣಕ್ಕೆ ನಡೆದಾಗ ಟಿಪ್ಪು ಸುಲ್ತಾನ ಶತ್ರುವಿಗೆ ಹುಲ್ಲುಕಡ್ಡಿಯೂ ಸಿಗದಂತೆ ಸೀಮೆಯನ್ನೆಲ್ಲ ಬರಿದು ಮಾಡಿಸಿ, ಜನವನ್ನೂ ದನಕರುಗಳನ್ನೂ ಈ ದ್ವೀಪಕ್ಕೆ ಅಟ್ಟಿಸಿದನು. ನೂರಾರು ಹಳ್ಳಿಗಳ ಜನ ಎರಡು ಜಲಪಾತಗಳ ಭೋರ್ಗರೆತದ ನಡುವೆ, ತಮ್ಮ ಊರುಗಳ ಹೊಗೆ ನೋಡುತ್ತ ಕೂತಿದ್ದಿರಬೇಕು. ಅವರೂ ಜಲಪಾತ ನೋಡಿದವರೇ. ೧೮೦೦ರಲ್ಲಿ ಈ ಕಡೆ ಬಂದ ಫ್ರಾನ್ಸಿಸ್ ಬುಕಾನನ್ ಸ್ಥಳದ ಕಥೆಗಳನ್ನು ಬರೆದುಕೊಂಡು ಹೋದ. ಆದರೆ ಸಾಮಾನ್ಯ ಪ್ರವಾಸಿಗೆ ಇದು ಕಾಡು ಮತ್ತು ಚಳಿಜ್ವರ.

ಹೀಗಿದ್ದ ಸ್ಥಳಕ್ಕೆ ದಾರಿ ಮಾಡಿಕೊಟ್ಟವರು ರಾಮಸ್ವಾಮಿ ಮೊದಲಿಯಾರ್. ಮೈಸೂರಿನ ರೆಸಿಡೆಂಟರ ಕೈಕೆಳಗೆ ಇದ್ದವರು. ೧೮೩೦ರ ಸುಮಾರಿಗೆ ದ್ವೀಪದ ಎರಡು ಕಡೆಯ ಕವಲುಗಳಿಗೂ ಕಲ್ಲಿನ ಸೇತುವೆ ಕಟ್ಟಿಸಿದರು, ಗುಡಿಯನ್ನು ದುರಸ್ತಿ ಮಾಡಿಸಿದರು, ಕಾಡು ಕಡಿಸಿದರು, ಪ್ರವಾಸಕ್ಕೆ ಬರುವ ದೊರೆಗಳಿಗೊಂದು ಬಂಗಲೆ ಎಬ್ಬಿಸಿದರು. ಸರಕಾರ ಅವರಿಗೆ ಜಹಗೀರನ್ನೂ ‘ಜನೋಪಕಾರ ಕಾಮಕರ್ತ’ ಎಂಬ ಬಿರುದನ್ನೂ ಕೊಟ್ಟಿತು. ಸೇತುವೆಗಳನ್ನು ನಮ್ಮ ದೇಶದ ಪದ್ಧತಿಯಲ್ಲೇ ಕಟ್ಟಿದೆ: ಬಂಡೆಯ ಮೇಲೆ ಉದ್ದುದ್ದ ಕಲ್ಲುಕಂಬಗಳನ್ನು ಸಾಲಾಗಿ ನಿಲ್ಲಿಸಿ ಮೇಲೆ ಚಪ್ಪಡಿ ಹಾಸಿದ್ದಾರೆ. ಗುಡಿಯ ಮುಖಮಂಟಪ ನೋಡಿದವರಿಗೆ ಈ ಕೈವಾಡ ಹೊಸದಲ್ಲ. ಒಂದಕ್ಕೆ ಮದ್ರಾಸಿನ ಗವರ್ನರ್ ಲಷಿಂಗ್ಟನ್ನನ ಹೆಸರಾಯಿತು. ಇನ್ನೊಂದನ್ನು ಜನ ವೆಸ್ಲಿ ಸೇತುವೆ ಎನ್ನುತ್ತಾರೆ. ಕಟ್ಟಿಸಿದವರ ಹೆಸರನ್ನು ಯಾವುದಕ್ಕೂ ಇಡಲಿಲ್ಲ. ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಇನ್ನೊಂದು ಸಂಗತಿ ಮರೆತುಹೋಗಿದೆ. ೧೯೫೬ರವರೆಗೆ ಇಲ್ಲಿ ನದಿಯೇ ಗಡಿ. ದ್ವೀಪವೂ ಭರಚುಕ್ಕಿಯೂ ಸೇರಿದ್ದ ಕೊಳ್ಳೇಗಾಲ ತಾಲ್ಲೂಕು ಮದ್ರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಯದು. ಮಳವಳ್ಳಿಯ ದಡ ಮೈಸೂರಿನದು. ಸೇತುವೆ ದಾಟಿದರೆ ಸರಕಾರ ಬೇರೆ, ಮಾತು ಮಾತ್ರ ಅದೇ.

ಮಳವಳ್ಳಿಯ ಕಡೆಯ ದಡದಲ್ಲಿರುವ ವಿದ್ಯುದಾಗಾರದ ಊರನ್ನು ಸುತ್ತಿನ ಜನ ಇಂದಿಗೂ ‘ಬ್ಲಫ್’ ಎನ್ನುತ್ತಾರೆ. “ನಮ್ಮಪ್ಪ ಬ್ಲಫ್ನಾಗಿದ್ರು” ಎಂದರೆ ತಂದೆ ಅಲ್ಲಿ ನೌಕರಿಯಲ್ಲಿದ್ದರೆಂದು ಅರ್ಥ. ಕಡಿದಾದ ದಡಕ್ಕೆ ಇಂಗ್ಲಿಷಿನಲ್ಲಿರುವ ಮಾತು ಹೀಗೆ ಹಳ್ಳಿಯವರ ಬಾಯಲ್ಲಿ ಊರಾಗಿದೆ.

ಕೋಲಾರದ ಚಿನ್ನದ ಗಣಿಗಳು ಆವಿಯ ಯಂತ್ರಗಳಿಂದ ನಡೆಯುತ್ತಿದ್ದವು. ಉರುವಲಿನ ವೆಚ್ಚ ಬೆಳೆಯುತ್ತಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಅವರಿಗೆ ಈ ಜಲಪಾತ ಕಣ್ಣಿಗೆ ಬಿತ್ತು. ಕ್ಯಾಪ್ಟನ್ ಜೋಲಿ ದ ಲೋಬಿನಿಯೇರ್ ಎಂಬ ಕೆನಡಾ ಮೂಲದ ಇಂಜಿನಿಯರು ೧೮೯೯ರಲ್ಲಿ ಯೂರೋಪು ಅಮೆರಿಕಗಳನ್ನು ಸುತ್ತಿ, ನಯಾಗರಾದ ವಿದ್ಯುತ್ ಸ್ಥಾವರವನ್ನು ನೋಡಿಕೊಂಡು ಬಂದರು. ವಾಣೀವಿಲಾಸ ಸನ್ನಿಧಾನದವರು ರೀಜೆಂಟರಾಗಿದ್ದ ಕಾಲ. ಹಡಗಿನಲ್ಲಿ ಬಂದ ಯಂತ್ರಗಳು ಮದ್ದೂರಿನವರೆಗೆ ರೈಲಿನಲ್ಲಿ, ಅಲ್ಲಿಂದ ಮುಂದೆ ರಸ್ತೆಯಲ್ಲಿ ಬಂದವು. ದಡದ ಮೇಲಿಂದ ಸುಮಾರು ನಾನೂರು ಅಡಿ ಕೆಳಕ್ಕೆ ಕೊಳವೆಗಳನ್ನಿಳಿಸಬೇಕಾಗಿತ್ತು. ಸಂಸ್ಥಾನದಲ್ಲಿ ೧೮೯೮ರಿಂದ ಪ್ಲೇಗು; ಇಲ್ಲಿಯದೇ ಆದ ಮಲೇರಿಯಾ ಬೇರೆ. ಮಣ್ಣು ಹೊತ್ತವರೂ ಕಲ್ಲು ಒಡೆದವರೂ ಯಾವ ಊರಿನವರು, ಎಷ್ಟು ಮಂದಿ ಮನೆಗೆ ಹಿಂದಿರುಗಿದರು ಎಂದು ಕೇಳಿದರೆ ಹೇಳುವ ಕಲ್ಲು ನನ್ನ ಕಣ್ಣಿಗೆ ಬೀಳಲಿಲ್ಲ. ೧೯೦೨ರ ಜೂನ್ ೩೦ರಂದು ವಿದ್ಯುತ್ತು ೯೨ ಮೈಲಿ ತಂತಿಯ ಮೇಲೆ ಹರಿದು ಕೋಲಾರದ ಗಣಿ ಮುಟ್ಟಿತು. ಅಷ್ಟು ದೂರದ ತಂತಿ ಆಗ ಲೋಕದಲ್ಲಿಯೇ ಅಪರೂಪ. ಶೇಷಾದ್ರಿ ಅಯ್ಯರ್ ಅದನ್ನು ನೋಡಲಿಲ್ಲ, ೧೯೦೧ರಲ್ಲೇ ತೀರಿಕೊಂಡಿದ್ದರು. ೧೯೦೫ರ ಆಗಸ್ಟ್ ೫ರಂದು ಬೆಂಗಳೂರಿಗೆ ದೀಪ ಬಂತು. ಆ ಗಣಿ ೨೦೦೧ರಲ್ಲಿ ಮುಚ್ಚಿತು. ಅದಕ್ಕಾಗಿ ಹುಟ್ಟಿದ ವಿದ್ಯುದಾಗಾರ ಉಳಿದಿದೆ. ಅದರ ಸಾಮರ್ಥ್ಯ ೪೨ ಮೆಗಾವಾಟ್. ೧,೦೩೫ ಮೆಗಾವಾಟಿನ ಶರಾವತಿಯ ಮುಂದೆ ಇದು ಮನೆಯ ಮೂಲೆಯಲ್ಲಿ ಕೂತ ಅಜ್ಜನಂತೆ.

ಇಲ್ಲಿ ಒಂದು ವಿಷಯ ತಿಳಿಯಬೇಕು. ವಿದ್ಯುತ್ತಿಗಾಗಿ ತೆಗೆದ ನೀರು ನಷ್ಟವಾಗುವುದಿಲ್ಲ. ಅಡ್ಡಗಟ್ಟೆಯಿಂದ ಕಾಲುವೆಗೆ ಹೊರಳಿ, ಕೊಳವೆಯಲ್ಲಿಳಿದು, ಚಕ್ರ ತಿರುಗಿಸಿ, ಜಲಪಾತದ ಕೆಳಗೆ ಮತ್ತೆ ನದಿಯನ್ನು ಸೇರುತ್ತದೆ. ನಷ್ಟವಾಗುವುದು ನೋಟ ಒಂದೇ. ಹೊಳೆ ತುಂಬಿದಾಗ ಎರಡಕ್ಕೂ ಸಾಕು. ಬೇಸಗೆಯಲ್ಲಿ ಬಂಡೆಗಳ ಪಾಲು. ಬೇಸಗೆಯ ಕೊರತೆ ಚಿನ್ನದ ಗಣಿಯನ್ನೂ ಕಾಡಿತು. ಕನ್ನಂಬಾಡಿ ಕಟ್ಟೆ ಕಟ್ಟಲು ೧೯೧೧ರಲ್ಲಿ ಕೈಹಾಕಿದ್ದಕ್ಕೆ ಮಂಡ್ಯದ ಗದ್ದೆಗಳಷ್ಟೇ ಈ ಯಂತ್ರಗಳೂ ಕಾರಣ. ಅಂದಿನಿಂದ ಜಲಪಾತಕ್ಕೆ ಮೇಲೊಬ್ಬ ಯಜಮಾನ. ಕಬಿನಿಗೂ ಕಟ್ಟೆಯಾಯಿತು. ೧೮೯೨ರ ಒಪ್ಪಂದ, ೧೯೨೪ರ ಒಪ್ಪಂದ, ನ್ಯಾಯಮಂಡಲಿ. ಕೊನೆಗೆ ೨೦೧೮ರಲ್ಲಿ ಸುಪ್ರೀಂ ಕೋರ್ಟು ಸಾಮಾನ್ಯ ವರ್ಷದಲ್ಲಿ ಬಿಳಿಗುಂಡ್ಲುವಿನ ಅಳತೆಗೆ ೧೭೭.೨೫ ಟಿ.ಎಂ.ಸಿ. ನೀರು ಹರಿಯಬೇಕೆಂದು ವಿಧಿಸಿತು. ಆ ನೀರಿನ ಬಹುಪಾಲು ಹೋಗುವ ದಾರಿ ಇದೇ. ಚಾಲಕನ ‘ಬಿಟ್ಟವ್ರಾ’ದಲ್ಲಿ ಅಡಗಿದ್ದ ಕರ್ತೃಗಳು ಇವರು.

ಅಲ್ಲ, ಇನ್ನೊಬ್ಬರು ಉಳಿದರು. ಹಲಗೂರು ದಾಟಿ ಮುಂದೆ ತೊರೆಕಾಡನಹಳ್ಳಿಯೆಂಬ ಊರಿದೆ. ಬೆಂಗಳೂರಿನ ಕುಡಿಯುವ ನೀರು ಶಿವನಸಮುದ್ರದ ಮೇಲ್ಗಡೆ ಕಾವೇರಿಯಿಂದ ಹೊರಟು ಇಲ್ಲಿಗೆ ಬಂದು ಶುದ್ಧವಾಗುತ್ತದೆ. ಇಲ್ಲಿಂದ ಹಾರೋಹಳ್ಳಿಗೆ, ಅಲ್ಲಿಂದ ತಾತಗುಣಿಗೆ, ಅಲ್ಲಿಂದ ನಮ್ಮ ನಲ್ಲಿಗೆ, ಒಟ್ಟು ಐನೂರು ಮೀಟರಿನಷ್ಟು ಎತ್ತರಕ್ಕೆ ಪಂಪುಗಳು ಅದನ್ನು ಏರಿಸುತ್ತವೆ. ೧೯೭೪ರಲ್ಲಿ ಮೊದಲ ಹಂತ ಮುಗಿಯಿತು. ಆಮೇಲೆ ಹಂತದ ಮೇಲೆ ಹಂತ. ಆ ಬೆಳಿಗ್ಗೆ ನಾವು ಇಳಿದುಹೋದ ದಾರಿಯ ಮಗ್ಗುಲಲ್ಲೇ ಕೊಳವೆಗಳಲ್ಲಿ ಅದು ಏರಿ ಬರುತ್ತಿತ್ತು. ಬೆಳಿಗ್ಗೆ ಐದಕ್ಕೆ ಎದ್ದು ಸ್ನಾನ ಮಾಡಿ, ಕಾಫಿ ಕುಡಿದು, ಕುಪ್ಪಿಗಳಿಗೆ ನೀರು ತುಂಬಿಸಿಕೊಂಡಿದ್ದೆವಲ್ಲ, ಅದೆಲ್ಲ ಈ ಜಲಪಾತಕ್ಕೆ ಬರಬೇಕಾಗಿದ್ದ ನೀರು.

ಗಗನಚುಕ್ಕಿಯ ಎದುರು ಕಟಕಟೆಗೆ ಒರಗಿ ನಿಂತಾಗ ಹತ್ತು ಗಂಟೆ. ನೀರು ಬಿಟ್ಟಿದ್ದರು; ಆದರೆ ಪೂರ್ತಿ ಅಲ್ಲ. ಬಂಡೆಯ ಮೇಲೆ ಮೂರು ನಾಲ್ಕು ಬಿಳಿಯ ಎಳೆಗಳು, ನಡುವೆ ಕಪ್ಪು ಕಲ್ಲು. ಆಚೆ ದಡದಲ್ಲಿ ಮರ್ದಾನೆ ಗೈಬ್ ದರ್ಗಾದ ಹಸಿರು. ನಮ್ಮ ಪಕ್ಕದಲ್ಲಿ, ನಗರದಿಂದಲೇ ಬಂದವರೆಂದು ಮಾತಿನಿಂದ ತಿಳಿಯುವಂತಿದ್ದ ಯಜಮಾನರೊಬ್ಬರು, “ಇಷ್ಟಕ್ಕೆ ಇಷ್ಟು ದೂರ ಬಂದ್ವಾ? ಫೋಟೋದಲ್ಲಿ ಎಷ್ಟು ನೀರಿತ್ತು!” ಎಂದು ಗೊಣಗಿದರು. ಅವರ ಕೈಯಲ್ಲಿ ಮನೆಯಿಂದ ತಂದ ನೀರಿನ ಕುಪ್ಪಿ. ಹೇಳೋಣವೆನಿಸಿತು, ಮೇಷ್ಟರ ಚಾಳಿಯೆಂದು ಬಾಯಿ ಮುಚ್ಚಿಕೊಂಡೆ. ನಾನೂ ಒಳಗೊಳಗೆ ಅದನ್ನೇ ಗೊಣಗಿದ್ದೆ.

ಭರಚುಕ್ಕಿಯಲ್ಲಿ ನೀರು ಚೆನ್ನಾಗಿತ್ತು. ಕುದುರೆ ಲಾಳದಂತೆ ಬಾಗಿದ ಬಂಡೆಯ ಉದ್ದಕ್ಕೂ ಇಳಿಯುತ್ತಿದ್ದ ನೀರಿನ ತುಂತುರು ಮೇಲಿದ್ದವರ ಮುಖಕ್ಕೂ ತಾಗುತ್ತಿತ್ತು. ನನ್ನ ಹೆಂಡತಿ ಮೂರು ಸಲ “ಹೋಗೋಣ” ಎಂದು ಎದ್ದು ಮೂರು ಸಲವೂ ಮತ್ತೆ ಕುಳಿತಳು. ಬುತ್ತಿಯನ್ನು ಅಲ್ಲೇ ಮುಗಿಸಿದೆವು. ಕೋತಿಗಳ ಪಾಲು ಬೇರೆ.

ಹಿಂದಿರುಗುವಾಗ ಚಾಲಕ ಹಳೆಯ ಸೇತುವೆಯ ಹತ್ತಿರ ಕಾರು ನಿಲ್ಲಿಸಿದ. ೨೦೧೮ರ ಪ್ರವಾಹದಲ್ಲಿ, ಕಟ್ಟೆಗಳು ತುಂಬಿ ತಡೆಯಲಾರದೆ ನೀರು ಬಿಟ್ಟಾಗ, ವೆಸ್ಲಿ ಸೇತುವೆಯ ಒಂದು ಭಾಗ ಕೊಚ್ಚಿಹೋಯಿತು. ಎರಡು ಶತಮಾನಕ್ಕೆ ಸ್ವಲ್ಪ ಕಡಿಮೆ ಕಾಲ ನಿಂತಿದ್ದ ಕಂಬಗಳು ಅವು. ಉಳಿದವು ಸೊಂಟದವರೆಗಿನ ನೀರಿನಲ್ಲಿ ಸಾಲಾಗಿ ನಿಂತಿದ್ದವು. ನನ್ನ ಮಗ ಅವನ್ನು ಎಣಿಸತೊಡಗಿದ. ಮುರಿದ ಕಡೆ ಬಂದಾಗ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಹಿಡಿದ. “ಬಿದ್ದಿರೋದನ್ನೂ ಸೇರಿಸಬೇಕಾ ಅಪ್ಪ?” ಎಂದು ಕೇಳಿದ. ಸೇರಿಸು ಎಂದೆ.